ಶನಿವಾರ ನರ್ಸ್ ಇರುವುದಿಲ್ಲ

ಬುಂಗೋಮಾ ಪಟ್ಟಣದ ಹತ್ತಿರದ ಹುಡುಗಿಯರ ವಸತಿ ಶಾಲೆಯಲ್ಲಿ ಅಂದು ಪೋಷಕರ ಭೇಟಿಯ ದಿನ. ಮಗಳಿಗೆ ಚಪಾತಿ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ, ಎರಡು ವಾರದ ಹಿಂದೆ ತೀರಿಕೊಂಡ ಇದೇ ಶಾಲೆಯ ಹುಡುಗಿ ನೆಲಿಮಾಳ ತಾಯಿ ಕೂತಿದ್ದಳು. ಅವಳ ಎದುರು ನೆಲಿಮಾಳ ಗೆಳತಿ ನಂಜಾಲಾ.

"ಆ ಶನಿವಾರ ಅವಳು ಎದ್ದಿದ್ಲಾ, ಮಗಾ?"

"ಎದ್ದು ಬಟ್ಟೆ ಒಗೆಯೋಕೆ ಬಂದ್ಲು, ಅಮ್ಮ. ಮೈ ಕೆಂಡ ಆಗಿತ್ತು."

"ನರ್ಸ್ ಹತ್ರ ಕರ್ಕೊಂಡು ಹೋಗ್ಲಿಲ್ವಾ?"

"ನರ್ಸ್ ಶುಕ್ರವಾರ ಸಂಜೆ ಬೀಗ ಹಾಕ್ಕೊಂಡು ಊರಿಗೆ ಹೋದ್ರೆ ಸೋಮವಾರಾನೇ ಬರೋದು."

"ಟೀಚರ್‌ಗೆ ಹೇಳ್ಬೇಕಿತ್ತು."

"ಹೇಳ್ದೆ. ಮನೆಗೆ ಹೋಗೋಕೆ ನಾಟಕ ಅಂದ್ರು. ಭಾನುವಾರ ಪ್ರಾರ್ಥನೆಗೂ ನಿಲ್ಲಿಸಿದ್ರು. ಅಲ್ಲೇ ಬಿದ್ಲು."



"ಅವಳೇ ಕಾಯಿಲೆ ಮುಚ್ಚಿಟ್ಟಿದ್ಲು, ಯಾರಿಗೂ ಗೊತ್ತಾಗ್ಲಿಲ್ಲ ಅಂತ ಶಾಲೆಯವರು ನನಗೆ ಹೇಳಿದ್ರಲ್ಲ."

"ಸುಳ್ಳು, ಅಮ್ಮ. ಎರಡು ಸಲ ಹೋಗಿ ಹೇಳಿದ್ದು ನಾನೇ."

"ವಿಚಾರಣೆಗೆ ಬಂದ ಅಧಿಕಾರಿ ಹೆಡ್‌ಮೇಡಂ ರೂಮಲ್ಲಿ ಕೂತಿದ್ದಾರೆ. ಅವರ ಮುಂದೆ ಇದನ್ನ ಹೇಳ್ತೀಯಾ?"

"ಹೇಳಿದ್ರೆ ಶಾಲೆಯಿಂದ ತೆಗೀತಾರೆ. ನವೆಂಬರ್‌ನಲ್ಲಿ ನನ್ನ ಪರೀಕ್ಷೆ."

"ಹಾಗಾದ್ರೆ ಬೇಡ ಬಿಡು. ನೀನಾದ್ರೂ ಓದು."

ತಾಯಿ ಎದ್ದು, ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಗಿದುಕೊಂಡು ಕಚೇರಿಯ ಕಡೆಗೆ ಹೊರಟಳು.

"ಅಮ್ಮ, ನಿಲ್ಲಿ."

"ಏನು?"

"ನೀವು ಕಣ್ಣಾರೆ ನೋಡಿಲ್ಲ ಅಂತ ನಿಮ್ಮ ಬಾಯಿ ಮುಚ್ಚಿಸ್ತಾರೆ. ನಾನು ನೋಡಿದೀನಿ."

"ನಿಮ್ಮಪ್ಪ ಏನಂತಾನೋ."

"ಬೈತಾರೆ."

ನಂಜಾಲಾ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲು ಹತ್ತಿದರು. ಬಾಗಿಲು ತಟ್ಟಿದ್ದು ಹುಡುಗಿಯೇ.