ಓಟಿಪಿ ಕಳ್ಳಿಯ ಮೇಲೆ ಕೊಟ್ಟ ದೂರನ್ನು ಹಿಂಪಡೆಯುವ ಬಗ್ಗೆ

ನಾನು, ಬೀದಿಯಲ್ಲಿ ಎಲ್ಲರೂ ‘ಮಾಸ್ಟರ್ ಕೀ’ ಎಂದು ಕರೆಯುವವನು, ವಯಸ್ಸು ಐವತ್ತಾರು, ವೃತ್ತಿ ಬೀಗ ರಿಪೇರಿ ಮತ್ತು ಕೀಲಿಕೈ ಮಾಡುವುದು, ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ (ಲೆಕ್ಕದಲ್ಲಿ ಇಡೀ ಶಾಲೆಗೆ ಮೊದಲಿಗ), ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೇ ಅಂಗಡಿಯ ಮೇಲಿನ ಮನೆ, ಇಂದು ಯಾರೂ ಕರೆಯದಿದ್ದರೂ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮೊನ್ನೆ ಬುಧವಾರ ಸಂಜೆ ಇದೇ ಠಾಣೆಯಲ್ಲಿ ನಾನು ಒಬ್ಬ ಓಟಿಪಿ ಕಳ್ಳಿಯ ಮೇಲೆ ದೂರು ಕೊಟ್ಟಿದ್ದೆ. ಅವಳು ಕಳ್ಳಿಯಲ್ಲ, ನನ್ನ ತಂಗಿಯ ಮಗಳು. ಆದ ಕಾರಣ ಆ ದೂರನ್ನು ಹಿಂಪಡೆಯುತ್ತಿದ್ದೇನೆ. ನಡೆದದ್ದು ಹೀಗೆ.

ತಂಗಿಗೆ ಗಂಡ ಇಲ್ಲ. ಹೊಲಿಗೆ ಕೆಲಸ ಮಾಡುತ್ತಾಳೆ. ತಾಯಿ, ಮಗಳು ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ಹುಡುಗಿಗೆ ಹಲ್ಲಿನ ಡಾಕ್ಟರ್ ಆಗಬೇಕೆಂಬ ಹುಚ್ಚು ಚಿಕ್ಕಂದಿನಿಂದ ಇದೆ. ಮೇಣದ ಬತ್ತಿ ತಂದು ನನ್ನ ಅಂಗಡಿಯ ಸಣ್ಣ ಅರಗಳಿಂದ ಉಜ್ಜಿ ದವಡೆ ಹಲ್ಲು ಕೆತ್ತುತ್ತಾಳೆ. ನಮ್ಮ ಕಿಟಕಿಯ ಮೇಲೆ ಅವು ಸಾಲಾಗಿ ನಿಂತಿರುತ್ತವೆ. ಪ್ರವೇಶ ಪರೀಕ್ಷೆ ಎರಡು ವರ್ಷ ಕೈಕೊಟ್ಟಿತ್ತು. ಈ ಸಲ ಎರಡನೇ ಸುತ್ತಿನಲ್ಲಿ ಸರ್ಕಾರಿ ದಂತ ಕಾಲೇಜಿನ ಸೀಟು ಅವಳ ಹೆಸರಿಗೆ ಬಂದಿತು. ಬಂದ ದಿನವೇ ಇಡೀ ಬೀದಿಗೆ ಸುದ್ದಿ ಹಂಚಿದವನು ನಾನು.

ಅರ್ಜಿ ಹಾಕುವಾಗ ಮೊಬೈಲ್ ನಂಬರು ಕೇಳಿದ್ದರು. ಹುಡುಗಿ ತನ್ನದನ್ನೇ ಹಾಕುತ್ತೇನೆಂದಳು. “ನಿನ್ನ ನಂಬರು ಯಾವನಿಗೆ ಗೊತ್ತು? ನನ್ನದು ಊರಿನ ಅರ್ಧ ಬಾಗಿಲುಗಳ ಮೇಲೆ ಅಂಟಿಸಿದೆ, ನನ್ನದೇ ಹಾಕು” ಎಂದು ನಾನು ಹಟ ಹಿಡಿದೆ. ಅವಳು ನಕ್ಕು ಹಾಕಿದಳು.

ಅದಾದ ಮೇಲೆ ಒಂದು ಭಾನುವಾರ ಈ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ಸಭಾಂಗಣದಲ್ಲಿ ಆನ್‌ಲೈನ್ ಮೋಸದ ಬಗ್ಗೆ ಮಾತಾಡಿದರು. ನಾನು ಮೊದಲನೇ ಸಾಲಿನಲ್ಲಿ ಕುಳಿತಿದ್ದೆ. ಓಟಿಪಿಯನ್ನು ಯಾರಿಗೂ ಹೇಳಬಾರದು, ಕಳ್ಳರು ಈಗ ಕಂಪ್ಯೂಟರಿನಲ್ಲಿ ನಿಮ್ಮ ಮಕ್ಕಳ ದನಿಯನ್ನೇ ಮಾಡುತ್ತಾರೆ, ಅಳುತ್ತಾರೆ, ಅವಸರ ಮಾಡುತ್ತಾರೆ ಎಂದು ಸಾಹೇಬರು ಹೇಳಿದರು. ನಾನು ಎದ್ದು ನಿಂತು, ಮನೆಯವರೇ ಬಂದು ಕೇಳಿದರೂ ಗುರುತು ನೋಡದೆ ಕೀಲಿ ಮಾಡಿಕೊಡುವವನು ನಾನಲ್ಲ, ನನ್ನ ಹತ್ತಿರ ಯಾವ ಕಳ್ಳನ ಆಟವೂ ನಡೆಯದು ಎಂದೆ. ಸಾಹೇಬರು ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದರು. ಇದನ್ನು ಠಾಣೆಯ ತಪ್ಪು ಎನ್ನಲು ಬರೆಸುತ್ತಿಲ್ಲ, ನಡೆದದ್ದಕ್ಕೆ ಬರೆಸುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಹುಡುಗಿ ಮೂಲ ದಾಖಲೆಗಳನ್ನು ಹಿಡಿದು ಊರಾಚೆಯ ಪ್ರವೇಶ ಕಚೇರಿಗೆ ಹೊರಟಳು. ದಾಖಲೆ ತೋರಿಸಿ, ಅಲ್ಲಿನ ಕಂಪ್ಯೂಟರಿನಲ್ಲಿ ಸೀಟನ್ನು ಒಪ್ಪಿಕೊಳ್ಳಬೇಕಿತ್ತು. ನಾಲ್ಕು ಗಂಟೆ ದಾಟಿದರೆ ಸೀಟು ಇಲ್ಲ. “ಮಾಮ, ಫೋನ್ ಕೈಯಲ್ಲೇ ಇಟ್ಕೊ. ಆರು ಅಂಕಿ ಬರುತ್ತೆ. ನಾನು ಫೋನ್ ಮಾಡಿದ ತಕ್ಷಣ ಹೇಳ್ಬಿಡು” ಎಂದಳು. “ನನಗೇ ಪಾಠ ಹೇಳ್ತೀಯೇನೇ?” ಎಂದು ನಾನು ಅವಳ ತಲೆಗೆ ಮೊಟಕಿದೆ. ಕಚೇರಿಯ ಗೇಟಿನಲ್ಲಿ ಮೊಬೈಲ್ ಇಟ್ಟುಕೊಂಡು ಒಳಗೆ ಬಿಡುತ್ತಾರೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೂ ಅಲ್ಲಿ ಸರ್ವರ್ ಸತ್ತು ಮಲಗಿತ್ತಂತೆ.

ಮೂರೂ ಇಪ್ಪತ್ತಕ್ಕೆ ನನ್ನ ಮೊಬೈಲಿಗೆ ಆರು ಅಂಕಿ ಬಂದವು. ಹಿಂದೆಯೇ ಒಂದು ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಗ ಅಂಗಡಿಯಲ್ಲಿ ಪಕ್ಕದ ಕ್ಷೌರಿಕ, ಟೀ ಅಂಗಡಿಯವನು ಮತ್ತು ಬೀರುವಿನ ಬೀಗ ತಂದಿದ್ದ ಒಬ್ಬ ಗಿರಾಕಿ ಇದ್ದರು. “ಮಾಮ, ನಾನು. ಆ ನಂಬರ್ ಹೇಳು, ಬೇಗ” ಎಂದಿತು ದನಿ. ಥೇಟ್ ನಮ್ಮ ಹುಡುಗಿಯ ದನಿ. ಆದರೆ ನಂಬರು ಅವಳದಲ್ಲ, ದನಿ ಮಾತ್ರ ಅಷ್ಟು ಸರಿಯಾಗಿ ಇದ್ದದ್ದರಿಂದಲೇ ನನಗೆ ಅನುಮಾನ ಬಂತು. ಸ್ಪೀಕರ್ ಹಾಕಿ ಕ್ಷೌರಿಕನಿಗೆ ಕಣ್ಣು ಹೊಡೆದೆ.

“ಬರ್ಕೊಳಮ್ಮ” ಎಂದು ಒಂದರಿಂದ ಆರರವರೆಗೆ ಹೇಳಿದೆ. ಅಂಗಡಿಯಲ್ಲಿದ್ದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ತಪ್ಪು ಎಂದು ತೋರಿಸುತ್ತಿದೆ ಎಂದಳು. ಅದನ್ನೇ ಹಿಂದುಮುಂದಾಗಿ ಹೇಳಿದೆ. ಅದೂ ತಪ್ಪು ಎಂದಾಯಿತು. ದನಿ ಅಳತೊಡಗಿತು. ಮೂರನೇದೂ ತಪ್ಪಾದರೆ ಎಲ್ಲಾ ಮುಗಿದುಹೋಗುತ್ತದೆ, ಗೇಟಿನಲ್ಲಿ ಮೊಬೈಲ್ ಇಸಿದುಕೊಂಡರು, ಇದು ಕಿಟಕಿಯಾಚೆ ನಿಂತಿರುವ ಇನ್ನೊಬ್ಬ ಹುಡುಗಿಯ ಅಪ್ಪ ಕೊಟ್ಟ ಫೋನು ಎಂದಿತು. ಸಾಹೇಬರು ಹೇಳಿದ್ದೆಲ್ಲ ಅಕ್ಷರಕ್ಕೆ ಅಕ್ಷರ ನಡೆಯುತ್ತಿದೆಯಲ್ಲ ಎಂದು ನನಗೆ ಹುಮ್ಮಸ್ಸು ಬಂತು.

“ನೀನೇ ನಮ್ಮ ಹುಡುಗಿ ಅನ್ನೋದಕ್ಕೆ ಗುರುತೇನು? ನನ್ನ ಮುಂದಿನ ಹಲ್ಲು ಹೇಗೆ ಹೋಯ್ತು ಹೇಳು ನೋಡೋಣ” ಎಂದೆ.

ಅತ್ತ ಕಡೆ ಅಳು ನಿಂತಿತು. ಆಮೇಲೆ, ಕುಸ್ತಿಯಲ್ಲಿ ಹೋಯಿತು, ಪಕ್ಕದೂರಿನ ಪೈಲ್ವಾನನನ್ನು ನೀನು ಎತ್ತಿ ಒಗೆದಾಗ ಅವನ ಮೊಣಕೈ ತಾಗಿ ಹೋಯಿತು ಎಂದು ನಿಧಾನವಾಗಿ ಹೇಳಿತು. ನಾನು ತೊಡೆ ತಟ್ಟಿ ನಕ್ಕೆ. ಆ ಕಥೆಯನ್ನು ನಾನು ಹೇಳದ ಮನುಷ್ಯ ಈ ಊರಿನಲ್ಲಿಲ್ಲ. ಕಳ್ಳಿ ಅದನ್ನೂ ವಿಚಾರಿಸಿಕೊಂಡೇ ಬಂದಿದ್ದಾಳೆ ಎಂದುಕೊಂಡೆ. “ತಗೋ ಹಾಗಾದ್ರೆ, ಅಸಲಿ ನಂಬರು” ಎಂದು ಈ ಠಾಣೆಯ ದೂರವಾಣಿಯ ಆರು ಅಂಕಿ ಹೇಳಿದೆ.

ಅತ್ತ ಕಡೆ ಯಾರೋ ಗಂಡಸು, “ಅಯ್ಯೋ, ಲಾಕ್ ಆಯ್ತಲ್ಲಮ್ಮ” ಎಂದದ್ದು ಕೇಳಿಸಿತು.

“ಲಾಕ್ ಆಯ್ತಾ? ನನ್ನ ಅಂಗಡಿಗೆ ಬಾ, ಕೀ ಮಾಡ್ಕೊಡ್ತೀನಿ!” ಎಂದು ನಾನು ಕೂಗಿದೆ. ಅಂಗಡಿಯೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ಟೀ ಅಂಗಡಿಯವನ ಕೈಯಲ್ಲಿದ್ದ ಲೋಟ ಚೆಲ್ಲಿತು. ಕರೆ ಇನ್ನೂ ಕಟ್ಟಾಗಿರಲಿಲ್ಲ. ಅವಳು ನಮ್ಮ ನಗುವನ್ನು ಕೊನೆಯವರೆಗೂ ಕೇಳಿಸಿಕೊಂಡಿದ್ದಾಳೆಂದು ಆಮೇಲೆ ತಿಳಿಯಿತು.

ನಾಲ್ಕೂವರೆಗೆ ಇಲ್ಲಿಗೆ ಬಂದು ದೂರು ಬರೆಸಿದೆ. ಪೇದೆಯವರು ಶಭಾಷ್ ಎಂದು ಟೀ ತರಿಸಿಕೊಟ್ಟರು.

ಸಂಜೆ ಏಳಕ್ಕೆ ಹುಡುಗಿ ಮನೆಗೆ ಬಂದಳು. ನಾನು ಕಳ್ಳಿಯ ಕಥೆಯನ್ನು ಮೂರನೇ ಸಲ ತಂಗಿಗೆ ಹೇಳುತ್ತಿದ್ದೆ. ಹುಡುಗಿ ಚಪ್ಪಲಿ ಬಿಟ್ಟು, ದಾಖಲೆಗಳ ಚೀಲವನ್ನು ಹೊಲಿಗೆ ಮಿಷನ್ನಿನ ಮೇಲೆ ಇಟ್ಟು, ನಾನು ಮುಗಿಸುವವರೆಗೂ ನಿಂತು ಕೇಳಿದಳು. ಆಮೇಲೆ ತಾಯಿಯ ಕಡೆ ತಿರುಗಿ, “ಅದು ನಾನೇ ಅಮ್ಮ” ಎಂದಳು. ತಂಗಿ ಮೊದಲು ತಮಾಷೆ ಎಂದು ನಕ್ಕಳು.

ಗುರುವಾರ ಬೆಳಿಗ್ಗೆ ನಾನೂ ಅವಳೂ ಕಚೇರಿಗೆ ಹೋದೆವು. ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. ಅದನ್ನೂ ಮಾಡಲು ಹೋದೆ, ಹುಡುಗಿ ತೋಳು ಹಿಡಿದು ಎಬ್ಬಿಸಿದಳು. ಖಾತೆಯ ಬೀಗ ತೆಗೆಯುವುದು ತಮ್ಮ ಕೈಯಲ್ಲಿಲ್ಲ, ಒಪ್ಪಿಕೊಳ್ಳದ ಸೀಟು ತಾನಾಗಿಯೇ ಮುಂದಿನವರಿಗೆ ಹೋಗಿದೆ, ಬೇಕಾದರೆ ಪೊಲೀಸರಿಂದ ಒಂದು ಪತ್ರ ತನ್ನಿ, ಕಡತದಲ್ಲಿ ಇಡುತ್ತೇವೆ, ಅದರಿಂದ ಸೀಟು ಸಿಗುತ್ತದೆ ಎಂದು ನಂಬಬೇಡಿ ಎಂದರು. ಮೂವತ್ತು ವರ್ಷದಲ್ಲಿ ನಾನು ತೆಗೆಯದ ಬೀಗವಿಲ್ಲ ಎಂದು ಹೇಳಿಕೊಂಡು ತಿರುಗಿದವನು ಆ ಮೇಜಿನ ಮೇಲಿನ ದಾಖಲೆಗಳನ್ನು ಎತ್ತಿಕೊಂಡು ಹೊರಗೆ ಬಂದೆ. ನಾಲ್ಕನೇ ಸಲ ಪರೀಕ್ಷೆ ಬರೆಯುವುದಿಲ್ಲವೆಂದು ಹುಡುಗಿ ಬಸ್ಸಿನಲ್ಲಿ ಹೇಳಿದಳು. ನಿನ್ನೆ ಸಂಜೆ ಕರೆಂಟು ಹೋದಾಗ ತಂಗಿ ಮೇಣದ ಬತ್ತಿ ಹುಡುಕುತ್ತಿದ್ದಳು. ಹುಡುಗಿ ಕಿಟಕಿಯ ಮೇಲಿನ ಹಲ್ಲುಗಳನ್ನು ಒಂದು ತಟ್ಟೆಗೆ ಬಳಿದು ತಂದು, “ಇವನ್ನೇ ಕರಗಿಸ್ಕೊ ಅಮ್ಮ” ಎಂದಳು.

ನನ್ನ ಹಲ್ಲಿನ ವಿಷಯವಾಗಿ ಬುಧವಾರದ ದೂರಿನಲ್ಲಿ ಬರೆಸಿದ್ದು ಸುಳ್ಳು. ನಾನು ಕುಸ್ತಿ ಆಡಿದವನೇ ಅಲ್ಲ. ಹದಿನಾಲ್ಕು ವರ್ಷದ ಹಿಂದೆ ಆ ಹಲ್ಲು ಹುಳುಕಾಗಿ ಅಲ್ಲಾಡುತ್ತಿತ್ತು. ಡಾಕ್ಟರ ಹತ್ತಿರ ಹೋಗಲು ಹೆದರಿ, ಹಲ್ಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಎಳೆಯಲು ಧೈರ್ಯ ಸಾಲದೆ ಮಧ್ಯಾಹ್ನವೆಲ್ಲ ಅಳುತ್ತಾ ಕುಳಿತಿದ್ದೆ. ಶಾಲೆ ಬಿಟ್ಟು ಬಂದ ಆರು ವರ್ಷದ ಹುಡುಗಿ ಹೊರಗಿನಿಂದ ಬಾಗಿಲು ಎಳೆದಳು. ಹಲ್ಲು ಬಂತು. ರಕ್ತ ನೋಡಿ ಅವಳು ಹೆದರಿದಾಗ, ನೀನೇ ನನ್ನ ಹಲ್ಲಿನ ಡಾಕ್ಟರು ಕಣೇ, ಯಾರಿಗೂ ಹೇಳ್ಬೇಡ ಎಂದೆ. ಅವಳು ಇಂದಿನವರೆಗೂ ಯಾರಿಗೂ ಹೇಳಿಲ್ಲ, ತಾಯಿಗೂ ಹೇಳಿಲ್ಲ.

ಬಾಗಿಲು ಎಂದು ಒಂದು ಮಾತು ಆಡಿದ್ದರೆ ನಾನು ಆ ಕ್ಷಣವೇ ನಂಬುತ್ತಿದ್ದೆ. ಯಾಕೆ ಹೇಳಲಿಲ್ಲ ಎಂದು ನಿನ್ನೆ ಕೇಳಿದೆ. “ಸ್ಪೀಕರ್ ಆನ್ ಇತ್ತು ಮಾಮ. ನಿನ್ನ ಕಡೇನೂ ಜನ, ನನ್ನ ಕಡೇನೂ ಜನ. ಅಷ್ಟು ಜನದ ಮುಂದೆ ಹೇಗೆ ಹೇಳ್ಲಿ?” ಎಂದಳು.

ಆದ್ದರಿಂದ ಫೋನು ಕೊಟ್ಟು ಉಪಕಾರ ಮಾಡಿದ ಆ ತಂದೆಯನ್ನು ಠಾಣೆಗೆ ಕರೆಸಬಾರದು, ಹುಡುಗಿಯ ತಪ್ಪೇನೂ ಇಲ್ಲವೆಂದು ಕಚೇರಿಗೆ ಪತ್ರ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ಪೇದೆಯವರು ನನಗೆ ಓದಿ ಹೇಳಿದರು. ಬೆಂಚಿನ ಮೇಲೆ ನಮ್ಮ ಬೀದಿಯವರು ಇಬ್ಬರು ಕುಳಿತಿದ್ದರಿಂದ ಬಾಗಿಲಿನ ವಿಷಯ ಬಂದಾಗ ಅವರು ದನಿ ತಗ್ಗಿಸಿದರು. ಗಟ್ಟಿಯಾಗಿ ಓದಿ ಎಂದು ನಾನೇ ಹೇಳಿದೆ. ಗಟ್ಟಿಯಾಗಿ ಓದಿದರು. ಎಲ್ಲವೂ ನಿಜವಿದೆ.

ಸ್ಥಳ: ಠಾಣೆಯ ಮುಂಗೋಣೆ
ದಿನ: ಶುಕ್ರವಾರ, ಬೆಳಿಗ್ಗೆ ಹನ್ನೊಂದು ಗಂಟೆ
ಹೇಳಿಕೆ ಕೊಟ್ಟವನ ರುಜು