ಎಲ್ಲ ಬಾಗಿಲಿಗೂ ಬೇವು

ಒಂದು ಊರಿಗೆ ಅಂಟುಜ್ವರ ಬಂದಿತ್ತು. ಅದು ಯಾವಾಗ ತೊಲಗೀತು ಎಂದು ಊರವರೆಲ್ಲ ಕಂಡ ಕಂಡ ದೇವರಿಗೆ ಕೈಮುಗಿಯುತ್ತಿದ್ದರೆ, ಒಬ್ಬ ಹುಡುಗಿಗೆ ಮಾತ್ರ ಬೇರೆಯೇ ಚಿಂತೆ. ಅಡುಗೆಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ತನಗೆ ತಾನೇ ಪಿಸುಗುಟ್ಟಿದಳು: "ಜ್ವರ ಹೋಗಿಬಿಟ್ರೆ ಏನಪ್ಪಾ ಗತಿ? ಜನ ಮತ್ತೆ ಮನೆಗೆ ಬರೋಕೆ ಶುರು ಮಾಡ್ತಾರೆ!"

ನಗಬೇಡಿ. ಆಕೆಯ ಸ್ವಭಾವವೇ ಹಾಗೆ. ನೆಂಟರು ಬಂದರೆ ಬಾಗಿಲ ಹಿಂದೆ, ಹೆಣ್ಣು ನೋಡಲು ಬಂದರೆ ಹಿತ್ತಿಲಲ್ಲಿ. ಬೀದಿಯಲ್ಲಿ ಯಾರಾದರೂ "ಊಟ ಆಯ್ತೇನೇ?" ಎಂದು ಕೇಳಿದರೆ, ಇವಳಿಗೆ ಉತ್ತರ ಹೊಳೆಯುವಷ್ಟರಲ್ಲಿ ಕೇಳಿದವರು ಉಂಡು ಮಲಗಿರುತ್ತಿದ್ದರು. ಇಂಥವರು ನಮ್ಮ ನಡುವೆಯೂ ಇದ್ದಾರೆ, ನೋಡಿ. ಕಥೆ ಕೇಳುತ್ತ ಆ ಕಂಬದ ಹಿಂದೆ ಕೂತಿದ್ದಾರೆ. ತಿರುಗಿ ನೋಡಬೇಡಿ, ಪಾಪ.

ಆ ಊರಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಿ ಜ್ವರವೋ ಅವರು ಬಾಗಿಲಿಗೆ ಒಂದು ಹಿಡಿ ಬೇವಿನ ಸೊಪ್ಪು ಸಿಕ್ಕಿಸಬೇಕು. ಸೊಪ್ಪು ಕಂಡರೆ ಹೊರಗಿನವರು ಒಳಗೆ ಹೋಗುವುದಿಲ್ಲ, ಒಳಗಿನವರು ಹೊರಗೆ ಬರುವುದಿಲ್ಲ. ಹಾಗಂತ ಅವರನ್ನು ಮರೆತುಬಿಡುತ್ತಿದ್ದರೇ? ಇಲ್ಲ! ನೆರೆಯವರು ಗಂಜಿ ತಂದು ಜಗುಲಿಯ ಮೇಲಿಟ್ಟು, "ಅಕ್ಕಾ, ಬಿಸಿ ಐತೆ, ಆರೋಕೆ ಮುಂಚೆ ಕುಡೀರಿ" ಎಂದು ಕೂಗಿ ದೂರ ಸರಿಯುತ್ತಿದ್ದರು. ಜ್ವರ ಹೊಸಿಲು ದಾಟುತ್ತಿರಲಿಲ್ಲ, ಗಂಜಿ ಮಾತ್ರ ದಾಟುತ್ತಿತ್ತು.

ಅದೇ ಊರಲ್ಲಿ ಒಬ್ಬ ಸಿರಿವಂತ, ಅವನೇ ಊರಿಗೆ ಯಜಮಾನ. ಕೆಟ್ಟವನೇ? ಅಲ್ಲ, ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ! ಕೆಟ್ಟವನಾಗಿದ್ದರೆ ಜನ ಎದುರಾಡುತ್ತಿದ್ದರು. ಅವನು ಯೋಚಿಸಿದ: ನಾಲ್ಕಾರು ಬಾಗಿಲಿಗೆ ಸಿಕ್ಕಿಸಿದ ಬೇವಿನಿಂದಲೇ ಇಷ್ಟು ಒಳ್ಳೆಯದಾದರೆ, ಊರಿಗೆಲ್ಲ ಕಟ್ಟಿಸಿದರೆ ಇನ್ನೆಷ್ಟು ಒಳ್ಳೆಯದಾದೀತು! ಡಂಗುರ ಹೊಡೆಸಿದ. ಜ್ವರ ಇರಲಿ, ಇಲ್ಲದಿರಲಿ, ಎಲ್ಲ ಬಾಗಿಲಿಗೂ ಬೇವು.

"ಯಜಮಾನ್ರೇ, ಇದ್ರಿಂದ ಏನಾರ ತೊಂದ್ರೆ ಆದೀತಾ, ಒಸಿ ಯೋಚ್ನೆ ಮಾಡಿ" ಎಂದ ಒಬ್ಬ ಮುದುಕ.

"ಸೊಪ್ಪು ಕಣಯ್ಯಾ, ಸೊಪ್ಪು! ಸೊಪ್ಪಿಂದ ಏನ್ ತೊಂದ್ರೆ? ನೀನೇನು ಮೇಕೇನಾ, ತಿಂದು ಹೊಟ್ಟೆ ಕೆಡಿಸ್ಕೊಳ್ಳೋಕೆ?"

ಎಲ್ಲರೂ ನಕ್ಕರು. ನಮ್ಮ ಹುಡುಗಿಯಂತೂ ಹಿಡಿ ಸೊಪ್ಪಿನ ಬದಲು ಒಂದು ಕೊಂಬೆಯನ್ನೇ ಎಳೆದುತಂದು ಕಟ್ಟಿದಳು.

"ಇದೇನೇ ಇದು, ಬಾಗ್ಲೇ ಕಾಣಂಗಿಲ್ಲ! ನಿಮ್ಮಣ್ಣ ಬಂದ್ರೆ ಮರ ಹತ್ತಿ ಒಳಗೆ ಬರ್ಬೇಕಾ?" ಎಂದು ಅತ್ತಿಗೆ ರೇಗಿಸಿದಳು. ಅತ್ತಿಗೆ ತುಂಬು ಗರ್ಭಿಣಿ, ಚೊಚ್ಚಲು. ಆ ಹುಡುಗಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಪ್ರಪಂಚದಲ್ಲಿ ಆಕೆಯೊಬ್ಬಳ ಹತ್ತಿರವೇ.

ಯಜಮಾನನ ಕಟ್ಟಳೆಯಿಂದ ಲಾಭ ಆಗಲಿಲ್ಲವೇ? ಆಯಿತು. ಇದ್ದದ್ದನ್ನು ಇಲ್ಲ ಎನ್ನಬಾರದು. ಸುಮ್ಮನೆ ಅಲೆಯುತ್ತಿದ್ದವರು ಮನೆಯಲ್ಲಿ ಕೂತರು, ಜ್ವರ ಇನ್ನಷ್ಟು ತಗ್ಗಿತು. ಆದರೆ ಗಂಜಿ? ಯಾರ ಜಗುಲಿಯ ಮೇಲಿಡುವುದು? ನಿಜವಾದ ರೋಗಿ ಯಾವ ಬಾಗಿಲ ಹಿಂದೆ? ಎಲ್ಲ ಬಾಗಿಲೂ ಒಂದೇ ಹಸಿರು! ಗಂಜಿ ನಿಂತಿತು. ಜ್ವರ ಗೆದ್ದವರು ಹಸಿವಿನಲ್ಲಿ ಬಾಡಿದರು. ಯಜಮಾನ ಸೊಪ್ಪು ಕಟ್ಟಿದ ಬಾಗಿಲುಗಳನ್ನು ನೋಡಿ ಹಿಗ್ಗಿದ, ಒಳಗೆ ಇಣುಕಲಿಲ್ಲ.

ಒಂದು ಬೆಳಿಗ್ಗೆ ಅತ್ತಿಗೆಗೆ ನೋವು ಶುರುವಾಯಿತು. ಡಂಗುರಕ್ಕೆ ಮೊದಲೇ ಗಾಡಿ ಕಟ್ಟಿಕೊಂಡು ದೂರ ಹೋಗಿದ್ದ ಅಣ್ಣ ಇನ್ನೂ ಬಂದಿರಲಿಲ್ಲ. ದೇವರೇ ಕಳಿಸಿದಂತೆ, ಬೇರೆ ಊರಿನ ಬಾಣಂತಿಯನ್ನು ನೋಡಲು ಹೊರಟಿದ್ದ ಸೂಲಗಿತ್ತಿ ಅದೇ ಬೀದಿಯಲ್ಲಿ ಬಂದಳು. ನರಳುವ ದನಿ ಕೇಳಿ ನಿಂತಳು. ಬಾಗಿಲ ಕಡೆ ನೋಡಿದಳು. ಅಬ್ಬಾ, ಕೊಂಬೆ!

"ಇಷ್ಟು ದಪ್ಪ ಕೊಂಬೆ ಕಟ್ಟವ್ರೆ ಅಂದ್ರೆ ಮನೆ ಮಂದಿಗೆಲ್ಲ ಜ್ವರ ಇರ್ಬೇಕು. ಎಳೇ ಕೂಸು ಮುಟ್ಟೋ ಕೈ ಕಣವ್ವಾ ಇದು, ಒಳೀಕೆ ಹೆಂಗೆ ಬರ್ಲಿ? ಬೀದಿಗೆಲ್ಲ ಬೇವು ಕಟ್ಟವ್ರೆ, ಯಾವ್ದು ದಿಟ ಅಂತ ಹೆಂಗೆ ತಿಳೀಲಿ? ನಿಜ ಹೇಳೋಕೆ ಅಂತ ನಿಮ್ಮೂರಲ್ಲಿ ಒಂದು ಸೊಪ್ಪಿತ್ತು, ಅದರ ಬಾಯಲ್ಲೂ ಸುಳ್ಳು ಹೇಳಿಸ್ಬಿಟ್ರಲ್ಲ!" ಎಂದು ಗೊಣಗುತ್ತ ಹೊರಟಳು.

ಸೊಸೆಯ ಕೈ ಹಿಡಿದು ಕೂತಿದ್ದ ಅವ್ವ ಒಳಗಿಂದ ಮಗಳನ್ನು ಕೂಗಿದಳು: "ಜ್ವರ ಅಲ್ಲ ಅನ್ನೇ! ಬಾಯಿ ಬಿಡೇ, ನಮ್ಮವ್ವ!"

ಹುಡುಗಿ ಹೊಸಿಲ ಮೇಲೆ ಬಂದು ನಿಂತಳು. ಬೀದಿಯ ಕಿಟಕಿಗಳೆಲ್ಲ ಸಂದು ಬಿಟ್ಟು ನೋಡುತ್ತಿದ್ದವು.

ಇಲ್ಲಿ ಸ್ವಲ್ಪ ತಡೆಯೋಣ. ಮುಂದಿನ ಸಾಲಲ್ಲಿ ಕೂತ ಪುಟ್ಟತಾಯಮ್ಮನೋರೆ, ಹಾಗೆ ದುರುಗುಟ್ಟಿ ನೋಡಬೇಡಿ. ತಾಯಿ, ಮಗು ಇಬ್ಬರೂ ಕ್ಷೇಮ. ಅದನ್ನು ಈಗಲೇ ಹೇಳದಿದ್ದರೆ ಮುಂದಿನ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲ.

ಬೇವು ಕೆಟ್ಟದ್ದೇ? ಅಲ್ಲ. ಬೇವನ್ನೆಲ್ಲ ಕಿತ್ತೆಸೆಯಿರಿ ಎನ್ನುವವನೂ ಆ ಯಜಮಾನನ ಅಣ್ಣತಮ್ಮನೇ. ತೂಗಿ ನೋಡದೆ ಕಟ್ಟಿದ್ದು ತಪ್ಪು. ನಮ್ಮ ಬಾಗಿಲಿಗೆ ಬರೋಣ. ಮೈ ಕಾದಿರುವಾಗ ಮದುವೆಗೆ ಹೋಗಿ "ಏನಿಲ್ಲ, ಧೂಳು" ಎಂದು ಕೆಮ್ಮಿದವರು ನಾವಲ್ಲವೇ? ಮೈ ಗಟ್ಟಿಯಾಗಿದ್ದಾಗ "ಕಾಯಿಲೆ ಕಾಲ ನೋಡಿ" ಎಂದು ನೆಪ ಹೇಳಿ ಹಾಸಿಗೆ ಹಿಡಿದ ಚಿಕ್ಕಮ್ಮನ ಮನೆಗೆ ಹೋಗದವರೂ ನಾವಲ್ಲವೇ? ಎರಡೂ ಸುಳ್ಳು ಬೇವು! ನಾಳೆಯಿಂದ ಇದು ನಿಲ್ಲಲಿ. ಜ್ವರ ಇದ್ದರೆ ನಾಚದೆ ಹೇಳಿ, ಮನೆಯಲ್ಲಿರಿ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಒಲೆ ಹೊತ್ತಿದೆಯೇ ಎಂದು ವಿಚಾರಿಸಿ. ಸಂತೆ ಮುಚ್ಚಿ, ಶಾಲೆ ಮುಚ್ಚಿ ಎಂದು ಯಾರಾದರೂ ಹೇಳಿದಾಗ ಸುಮ್ಮನೆ ಚಪ್ಪಾಳೆಯೂ ಬೇಡ, ಸುಮ್ಮನೆ ಬೈಗುಳವೂ ಬೇಡ. ಇದರಿಂದ ಯಾರು ಉಳಿಯುತ್ತಾರೆ, ಯಾರು ಬಾಡುತ್ತಾರೆ, ಎರಡನ್ನೂ ಕೇಳಿ. ಮುಚ್ಚಲೇಬೇಕಾದರೆ ಮುಚ್ಚೋಣ. ಆದರೆ ಮುಚ್ಚು ಎಂದವರೇ ಗಂಜಿಯ ಪಾತ್ರೆಗೂ ಕೈ ಹಾಕಬೇಕು.

ಇಷ್ಟಕ್ಕೆಲ್ಲ ಮೊದಲು ಬೇಕಾದದ್ದು, ಇದ್ದದ್ದನ್ನು ಇದ್ದಂತೆ ಹೇಳುವ ಒಂದು ಬಾಯಿ. ಆ ಬಾಯಿ ಎಲ್ಲಿತ್ತು? ಹೊಸಿಲ ಮೇಲೆ ನಿಂತಿತ್ತು. ಸೂಲಗಿತ್ತಿ ಬೀದಿಯ ತಿರುವು ತಲುಪಿದ್ದಳು. ಹುಡುಗಿ ಕೊಂಬೆಯನ್ನು ಎರಡೂ ಕೈಯಿಂದ ಕಿತ್ತು ಬೀದಿಗೆಸೆದಳು. ಕಿಟಕಿಗಳೆಲ್ಲ ಪೂರಾ ತೆರೆದುಕೊಳ್ಳುವಂತೆ, ಹುಟ್ಟಿದಾಗ ಅತ್ತದ್ದು ಬಿಟ್ಟರೆ ಮೊದಲ ಸಲ, ದನಿಯೆತ್ತಿ ಕೂಗಿದಳು:

"ಅಜ್ಜೀ, ನಿಂತ್ಕೊಳ್ಳಿ! ನಮ್ಮನೇಲಿ ಯಾರ್ಗೂ ಜ್ವರ ಇಲ್ಲ, ಅತ್ತಿಗೇಗೆ ಹೆರಿಗೆ ನೋವು! ಆ ಕೊಂಬೆ ಕಟ್ಟಿದ್ದು ನಾನು, ನಂಗೆ ಜನ ಅಂದ್ರೆ ಭಯ, ಅದಕ್ಕೆ!"