ಮೂವತ್ತು ಕುದುರೆ ಜಾಸ್ತಿ

…ಇಷ್ಟಕ್ಕೆಲ್ಲ ಮುಖ ಗೋಡೆ ಕಡೆ ತಿರುಗಿಸ್ತಾರಾ ಮಾಮ? ನಾನೇನು ಮನೆ ಬರ್ಕೊಡು ಅಂದ್ನಾ? ಒಂದು ಸಹಿ. ಅಷ್ಟೇ! ಬಲಗೈನ ಎದೆಗೆ ಕಟ್ಟಿಹಾಕಿದ್ದಾರೆ, ಕಾಣ್ತಾ ಇದೆ, ನಾನೇನು ಕುರುಡನಲ್ಲ. ಎಡಗೈ ಹೆಬ್ಬೆಟ್ಟು ನೆಟ್ಟಗಿದೆಯಲ್ಲ! ಇಂಕ್ ಪ್ಯಾಡ್ ನಾನೇ ತಂದಿದ್ದೀನಿ, ಆಫೀಸಿಂದ. ಈ ಆಸ್ಪತ್ರೇಲಿ ಅದನ್ನ ಹುಡುಕ್ಕೊಂಡು ಯಾರು ಅಲೀತಾರೆ ಅಂತ. ನಿನ್ನ ಬಗ್ಗೆ ನಂಗೆಷ್ಟು ಕಾಳಜಿ ಅಂತ ಯಾರಿಗೂ ಅರ್ಥ ಆಗಲ್ಲ.

ಸ್ವಲ್ಪ ಸರ್ಕೋ, ಇಲ್ಲೇ ಮಂಚದ ಮೇಲೆ... ಬೇಡ ಬೇಡ, ಅಲ್ಲಾಡ್ಬೇಡ, ಹೆಗಲಿನ ಮೂಳೆ! ನಾನು ನಿಂತೇ ಇರ್ತೀನಿ. ಅತ್ತೆ ಎಲ್ಲಿ? ಔಷಧಿ ತರೋಕೆ ಹೋದ್ರಾ? ಒಳ್ಳೇದಾಯ್ತು. ಅಂದ್ರೆ... ಔಷಧಿ ಬೇಕಲ್ಲ, ಅದಕ್ಕೆ ಒಳ್ಳೇದಾಯ್ತು ಅಂದೆ.

ಯಾಕೆ ಹಾಗೆ ನೋಡ್ತೀಯ?

ಸರಿ, ಕಾಗದ ನಾನೇ ಓದ್ತೀನಿ, ಕೇಳು. ನಿನ್ನ ಕನ್ನಡಕ ಒಡೆದುಹೋಗಿದೆ ಅಂತ ಗೊತ್ತು. 'ನಾನು ಇವರ ತಂದೆಯವರ ಕಾಲದಿಂದಲೂ, ಇಪ್ಪತ್ತಾರು ವರ್ಷಗಳಿಂದ ಇವರ ಲಾರಿಯ ಚಾಲಕನಾಗಿರುತ್ತೇನೆ.' ನೋಡು, ಎಷ್ಟು ಮರ್ಯಾದೆಯಿಂದ ಶುರು ಮಾಡಿದ್ದೀನಿ! 'ಇವರ ಹೊಸ ಲಾರಿಯ ಇಂಜಿನ್ನಿಗೆ, ಶಕ್ತಿ ಹೆಚ್ಚಿಸುವ ಚಿಪ್ ಎಂಬ ಸಾಧನವನ್ನು, ಮಾಲೀಕರ ಗಮನಕ್ಕೆ ಬಾರದಂತೆ, ನಾನೇ ಸ್ವಂತ ಬುದ್ಧಿಯಿಂದ ಅಳವಡಿಸಿರುತ್ತೇನೆ...'

ನಗ್ತಿದ್ದೀಯಾ? ನಗು, ನಗು. ನಕ್ಕರೆ ಹೆಗಲು ನೋಯೋದು ನಿಂಗೇ.

ಗೊತ್ತು ನಿನ್ನ ತಲೇಲಿರೋದು. 'ನಂಗೆ ಬಟನ್ ಫೋನೇ ಸರಿಯಾಗಿ ಒತ್ತೋಕೆ ಬರಲ್ಲ, ನಾನು ಚಿಪ್ ಹಾಕ್ದೆ ಅಂದ್ರೆ ಯಾರು ನಂಬ್ತಾರೆ' ಅಂತ ತಾನೆ? ಕಂಪನಿಯವರು ನಂಬ್ತಾರೆ ಮಾಮ. ಕಾಗದದ ಮೇಲಿದ್ರೆ ಅವರು ಏನು ಬೇಕಾದ್ರೂ ನಂಬ್ತಾರೆ. ಇನ್ನೂ ಎರಡೂವರೆ ವರ್ಷ ವಾರಂಟಿ ಇದೆ ಆ ಲಾರಿಗೆ! ಇಂಜಿನ್ನು, ಗೇರ್ ಬಾಕ್ಸು, ಟರ್ಬೊ, ಎಲ್ಲಾ ಪುಕ್ಕಟೆ. ಷರತ್ತು ಒಂದೇ: ಮಾಲೀಕ ಕೈ ಆಡಿಸಿರಬಾರ್ದು. ಮಾಲೀಕ ಅಂತ ಬರ್ದಿದ್ದಾರೆ, ಪುಸ್ತಕದಲ್ಲಿ. ಡ್ರೈವರ್ ಅಂತ ಬರ್ದಿಲ್ಲ! ಮೂರು ಸಲ ಓದ್ದೆ. ಕಾನೂನು ಅಂದ್ರೆ ಹಾಗೆ, ಎಲ್ಲೋ ಒಂದು ಕಡೆ ನಮ್ಮಂಥೋರಿಗೆ ಅಂತ ಕಿಟಕಿ ಬಿಟ್ಟಿರ್ತಾರೆ.

ಇದಕ್ಕೆಲ್ಲ ಮೂಲ ಯಾರು ಹೇಳು? ನಾನಾ? ನಮ್ಮ ಭಾವ! ನೀನೂ ಅಲ್ಲೇ ಇದ್ದೆಯಲ್ಲ ಆವತ್ತು, ಅಕ್ಕನ ಮನೆ ಊಟದಲ್ಲಿ. ಎಲೆ ಮುಂದೆ ಕೂತ ಅಷ್ಟೂ ಜನರ ಎದುರು, 'ಏನಯ್ಯಾ ಭಾವಮೈದ, ತಂದಿರೋದು ಹೊಸ ಲಾರೀನೋ, ಹೊಸ ಎತ್ತಿನಗಾಡೀನೋ?' ಅಂತ! ಅಕ್ಕ ನಕ್ಕಳು. ಸರಿ, ಗಂಡನ ಮಾತು, ನಗ್ಬೇಕು. ನನ್ನ ಹೆಂಡ್ತಿ ಯಾಕೆ ನಗ್ಬೇಕು? ಸೆರಗು ಬಾಯಿಗೆ ಅಡ್ಡ ಇಟ್ಕೊಂಡು! ಭಾವನ ಲಾರಿ ಹನ್ನೆರಡು ವರ್ಷದ ಡಬ್ಬ, ಬಾಗಿಲಿಗೆ ತಂತಿ ಕಟ್ಟಿದ್ದಾನೆ. ಅದು ಏರು ರಸ್ತೇಲಿ ದಿನಾ ನಮ್ಮ ಮುಖಕ್ಕೆ ಹೊಗೆ ಬಿಟ್ಕೊಂಡು ಮುಂದೆ ಹೋಗ್ತಿತ್ತು. ಯಾಕೆ? ನೀನು ಮೂವತ್ತರ ಮೇಲೆ ಹೋಗ್ತಿರ್ಲಿಲ್ಲ. 'ಇಂಜಿನ್ ಹೊಸದು, ಇನ್ನೂ ಪಳಗ್ಬೇಕು, ಭಾರ ಇದೆ.' ಅದೇ ಪಾಠ! ಹಾಗಾಗಿ ಒಂದು ಲೆಕ್ಕದಲ್ಲಿ ನೋಡಿದ್ರೆ, ಚಿಪ್ ಹಾಕಿಸಿದ್ದು ನೀನೇ. ನೀನು ಜೋರಾಗಿ ಓಡಿಸಿದ್ರೆ ನಾನ್ಯಾಕೆ ಹೋಗ್ತಿದ್ದೆ ಆ ಲ್ಯಾಪ್‌ಟಾಪ್ ಇಂಜಿನ್ ಡಾಕ್ಟ್ರ ಹತ್ರ?

ಟೈರ್ ಅಂಗಡಿ ಹಿಂದಿನ ರೂಮು, ನೆನಪಿದೆಯಾ? ಗೋಡೆ ತುಂಬ ರೇಸ್ ಕಾರಿನ ಚಿತ್ರ, ಕೂರೋಕೆ ಎರಡು ಹಳೇ ಟೈರು. ಬೆಂಕಿಪೊಟ್ಟಣದಷ್ಟು ಡಬ್ಬಿ ತೆಗ್ದು ಅಂಗೈಲಿಟ್ಟ. 'ಮೂವತ್ತು ಕುದುರೆ ಜಾಸ್ತಿ ಬರುತ್ತೆ ಸಾರ್' ಅಂದ. ನೀನು ಬಾಗಿಲಲ್ಲಿ ನಿಂತು ಕೇಳ್ದೆ, 'ಈ ಮೂವತ್ತು ಕುದುರೆ ಇಷ್ಟು ದಿನ ಎಲ್ಲಿದ್ವು?' ಅಂತ. ನಂಗೆ ಅವಮಾನ ಆಯ್ತು ಮಾಮ, ಸತ್ಯವಾಗ್ಲೂ. ಅವನೇನೋ ಒಳ್ಳೆಯವನು, ಬೇಜಾರು ಮಾಡ್ಕೊಳ್ಳಲಿಲ್ಲ. 'ಕಂಪನಿಯವರು ಕಟ್ಟಿಹಾಕಿರ್ತಾರೆ ಯಜಮಾನ್ರೆ, ನಾವು ಹಗ್ಗ ಬಿಚ್ತೀವಿ ಅಷ್ಟೇ' ಅಂದ. ವಾರಂಟಿ ಗತಿ ಏನಪ್ಪ ಅಂದೆ. 'ಸರ್ವಿಸ್‌ಗೆ ಬಿಡೋ ಹಿಂದಿನ ದಿನ ಕಿತ್ತಿಟ್ಕೊಳ್ಳಿ, ದೇವರಿಗೂ ಗೊತ್ತಾಗಲ್ಲ' ಅಂದ. ದೇವರ ವಿಷಯ ಅವನಿಗೆ ಗೊತ್ತಿತ್ತೋ ಏನೋ. ಷೋರೂಮಿನ ಇಂಜಿನಿಯರಮ್ಮನ ವಿಷಯ ಗೊತ್ತಿರ್ಲಿಲ್ಲ.

ಅಬ್ಬಾ, ಆ ಹೆಂಗಸು! ಕನ್ನಡಕ ಮೂಗಿನ ತುದೀಲಿ. ಲಾರಿಗೆ ಒಂದು ವಯರ್ ಚುಚ್ಚಿದಳು, ಹತ್ತು ನಿಮಿಷ ಸುಮ್ನೆ ಪರದೆ ನೋಡಿದಳು. ಆಮೇಲೆ, 'ಸಾರ್, ಇದಕ್ಕೆ ಯಾರೋ ಆರು ವಾರದಿಂದ ಸುಳ್ಳು ಹೇಳಿದ್ದಾರೆ' ಅಂದಳು. ಯಾರಿಗೆ ಅಮ್ಮ ಅಂದೆ. 'ಇಂಜಿನ್‌ಗೆ' ಅಂದಳು. ಆ ಡಬ್ಬಿ ಮಾಡೋದೇ ಅಷ್ಟಂತೆ. 'ಡೀಸೆಲ್ ಸಾಲ್ತಾ ಇಲ್ಲ, ಸಾಲ್ತಾ ಇಲ್ಲ' ಅಂತ ಇಂಜಿನ್ನಿನ ಕಿವೀಲಿ ಸುಳ್ಳು ಊದ್ತಾ ಇರೋದು. ಇಂಜಿನ್ನು ಪಾಪ, ನಂಬ್ಕೊಂಡು ಇನ್ನಷ್ಟು ಮತ್ತಷ್ಟು ಸುರಿಯೋದು. ಕೊನೆಗೆ ಟರ್ಬೊ ಕೆಂಡ ಆಗಿ ಚೂರುಚೂರು. ಡಬ್ಬಿ ಕಿತ್ತಾಕಿದ್ರೂ ಸುರಿದದ್ದರ ಗುರುತು ಒಳಗೆ ಉಳ್ಕೊಂಡಿರುತ್ತಂತೆ. ಎಷ್ಟು ಹೊತ್ತಿಗೆ, ಎಷ್ಟು ಜೋರು, ಎಲ್ಲ!

ಹಾಂ? ಡಬ್ಬಿ ಯಾವಾಗ ಕಿತ್ತೆ ಅಂತಾನಾ? ನೀನು ಕೇಳ್ಲಿಲ್ಲ, ಹುಬ್ಬು ಕೇಳ್ತು.

ಯಾವಾಗ ಅಂದ್ರೆ... ಆವಾಗ್ಲೇ. ರಸ್ತೇಲೇ. ನೋಡು, ಆಂಬುಲೆನ್ಸ್‌ಗೆ ನಾನೇ ಫೋನ್ ಮಾಡ್ದೆ. ಅಂದ್ರೆ... ಹಿಂದೆ ಬರ್ತಿದ್ದ ಆ ಸ್ಕೂಟರಿನವನು ಮಾಡ್ದ, ನಾನೂ ಮಾಡೋಣ ಅಂತಾನೇ ಇದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು. ನೀನು ಉಸಿರಾಡ್ತಾ ಇದ್ದೆ! ನೋಡ್ಕೊಂಡೇ ಬಾನೆಟ್ ಎತ್ತಿದ್ದು. ಎರಡೇ ನಟ್ಟು ಮಾಮ, ಎಷ್ಟು ಹೊತ್ತು ಆಗುತ್ತೆ? ಬೆರಳು ಸುಟ್ಟುಹೋಯ್ತು ನಂದು. ಅದ್ಯಾರಿಗೂ ಕಾಣಲ್ಲ.

ಆಯ್ತು, ಬಿಡು. ಮುಂದೆ ಓದ್ತೀನಿ. ಇನ್ನೆರಡೇ ಸಾಲು. 'ಸೋಮವಾರ ಬೆಳಗ್ಗೆ ಟೈಲ್ಸ್ ತುಂಬಿದ ಲಾರಿಯನ್ನು ನಾನೇ ಚಲಾಯಿಸುತ್ತಿದ್ದು, ಮಾಲೀಕರು ಪಕ್ಕದ ಸೀಟಿನಲ್ಲಿ...'

ತಲೆ ಅಲ್ಲಾಡಿಸ್ಬೇಡ, ಡಾಕ್ಟ್ರು ಬೇಡ ಅಂದಿದ್ದಾರೆ. ಸರಿ, ಸರಿ! ಸ್ವಲ್ಪ ಹೊತ್ತು ನಾನು ಹಿಡ್ದಿದ್ದೆ. ಏರು ಶುರುವಾಗೋ ಕಡೆಯಿಂದ. ಮುಂದೆ ಭಾವನ ಲಾರಿ ಕಾಣಿಸ್ತು, 'ಇಳಿ ಮಾಮ, ಆ ಕಡೆ ಕೂತ್ಕೋ' ಅಂದೆ. ಇಲ್ಲ ಅಂತಿಲ್ಲವಲ್ಲ ನಾನು. ಆದ್ರೆ ಕಾಗದದಲ್ಲಿ ಅಷ್ಟೆಲ್ಲ ವಿವರ ಯಾಕೆ? ಓದೋರಿಗೆ ಬೇಜಾರಾಗುತ್ತೆ.

ಲೈಸೆನ್ಸಾ? ನಿನ್ನ ಲೈಸೆನ್ಸಿಗೆ ಏನೂ ಆಗಲ್ಲ! ಆದ್ರೂ ಸ್ವಲ್ಪ ದಿನ ಎತ್ತಿಡ್ತಾರೆ, ಅಷ್ಟೇ. ಈ ಹೆಗಲು ಇಟ್ಕೊಂಡು ನೀನೀಗ ಹೇಗೂ ಓಡಿಸೋ ಹಾಗಿಲ್ಲವಲ್ಲ. ಎಷ್ಟು ಚೆನ್ನಾಗಿ ಕೂಡಿ ಬಂದಿದೆ ನೋಡು. ಆಮೇಲೆ ನಾನಿದ್ದೀನಿ. ಗೋಡೌನ್ ಬಾಗಿಲಲ್ಲಿ ಕುರ್ಚಿ ಹಾಕಿಸ್ತೀನಿ, ಬಂದು ಹೋಗೋ ಗಾಡಿ ನಂಬರ್ ಬರ್ಕೋ. ಫ್ಯಾನ್ ಕೂಡ ಹಾಕಿಸ್ತೀನಿ.

ಹೀಗೆ ನೋಡ್ಬೇಡ ಅಂದ್ನಲ್ಲ.

ಡಾಕ್ಟ್ರನ್ನ ಕೇಳ್ದೆ ನಾನು. ತಲೆಗೆ ಪೆಟ್ಟು ಬಿದ್ದೋರಿಗೆ ಎಷ್ಟೋ ಸಲ ಆ ಹೊತ್ತಿಂದು ಅಳಿಸಿಹೋಗುತ್ತಂತೆ. ಒಳ್ಳೇದೇ ಅದು, ಶರೀರದ ಉಪಾಯ. ನಿಂಗೆ... ಎಲ್ಲಿವರೆಗೆ ನೆನಪಿದೆ ಮಾಮ? ಸುಮ್ನೆ ಕೇಳ್ದೆ. ಕಾಳಜಿಗೆ.

ಭಾವನ ಲಾರೀನ ಹಿಂದೆ ಹಾಕಿದ್ದು? ನೆನಪಿದೆಯಾ? ಏನು ಹೋಯ್ತು ಅಲ್ವಾ ನಮ್ಮ ಗಾಡಿ! ಕನ್ನಡೀಲಿ ಭಾವನ ಮುಖ ನೋಡ್ದೆ ನಾನು, ಆ ಒಂದು ಕ್ಷಣಕ್ಕೆ... ಸರಿ. ಭಾವ ಅಲ್ಲೇ ಅಡ್ಡರಸ್ತೆಗೆ ತಿರುಗಿಹೋದ, ಮುಂದಿನದು ನೋಡ್ಲಿಲ್ಲ. ಆಮೇಲೆ ಮೇಲಿನ ತಿರುವಿನಲ್ಲಿ ಠಪ್ ಅಂದಿದ್ದು? ಬಿಳೀ ಹೊಗೆ? ಹೂಂ. ಇಂಜಿನ್ನು ನಿಂತಿದ್ದು? ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗಿದ್ದು?

ಆಮೇಲೆ?

ಆಮೇಲೆ ಏನೂ ನೆನಪಿಲ್ಲ ತಾನೆ?

ಮಾತಾಡು ಮಾಮ. ಪಕ್ಕದ ಮಂಚದವರ ಜೊತೆ ಬೆಳಗ್ಗೆಯೆಲ್ಲ ಮಾತಾಡ್ತಿದ್ದೆಯಂತೆ, ನರ್ಸಮ್ಮ ಹೇಳಿದ್ರು. ನಾನು ಬಂದ ತಕ್ಷಣ ಬಾಯಿಗೂ ಕಟ್ಟು ಹಾಕಿದ್ರಾ?

ನೀನು ಕೇಳಿಸ್ಕೊಂಡಿರ್ತೀಯ, ಬಿಡು. ಅತ್ತೆ ಕಿವಿಗೆ ಬಿದ್ದಿದೆ ಅಂದ್ರೆ ನಿನ್ನ ಕಿವಿಗೂ ಬಿದ್ದಿದೆ. ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಎಲ್ಲ ಕೇಳಿದ್ರು, ಏನಾಯ್ತು ಏನಾಯ್ತು ಅಂತ. ಏನೋ ಒಂದು ಹೇಳ್ಬೇಕಲ್ಲ? ನಿನ್ನ ಬಗ್ಗೆ ಕೆಟ್ಟದಾಗಿ ಒಂದು ಮಾತೂ ಆಡ್ಲಿಲ್ಲ. 'ಪಾಪ, ವಯಸ್ಸಾಯ್ತು, ಲಾರಿ ಹಿಂದಕ್ಕೆ ಉರುಳಿದ ತಕ್ಷಣ ಹೆದರಿ ಹಾರಿಬಿಟ್ರು. ನಾನು ಪಕ್ಕದಿಂದ ಸ್ಟೀರಿಂಗ್ ಹಿಡ್ಕೊಂಡು ಮಣ್ಣಿನ ದಿನ್ನೆಗೆ ಗುದ್ದಿಸ್ದೆ' ಅಂತ ಅಂದೆ. 'ಪಾಪ' ಅಂದೆ ಮಾಮ! ಎರಡು ಸಲ ಅಂದೆ. ಹಿಂದೆ ಸ್ಕೂಟರಿನಲ್ಲಿ ಗಂಡ ಹೆಂಡ್ತಿ ಇದ್ರಲ್ಲ, ಹೆಂಗಸು ಮಡಿಲಲ್ಲಿ ನಿಲುವುಗನ್ನಡಿ ಹಿಡ್ಕೊಂಡು... ಅವರಿಗೆ ಒಂದು ಗೀರೂ ಆಗ್ಲಿಲ್ಲ, ಕನ್ನಡಿಗೂ ಆಗ್ಲಿಲ್ಲ. ಅದನ್ನ ಹೇಳ್ದಾಗ ಭಾವ ಎದ್ದು ಬಂದು ನನ್ನ ಬೆನ್ನು ತಟ್ಟಿದ. ಭಾವ! ಹದಿನಾಲ್ಕು ವರ್ಷದಲ್ಲಿ ಮೊದಲ್ನೇ ಸಲ. ಹೆಂಡ್ತಿ ರಾತ್ರಿ ಬಡಿಸೋವಾಗ 'ನಿಮಗೇನಾದ್ರೂ ಆಗಿದ್ರೆ' ಅಂತ ಅತ್ತಳು.

ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ಗಾಡಿ ಬಿಟ್ಟು ಇಳಿದೋನಲ್ಲ ನೀನು. ಗೊತ್ತು. ಆದ್ರೆ ಒಂದು ಸಲ ಹಾರಿದ್ರೆ ನಿನ್ನ ಹೆಸರಿಗೇನು ಕಮ್ಮಿ ಆಗುತ್ತೆ? ನಿನ್ನ ಹತ್ರ ಬೇಕಾದಷ್ಟಿದೆ. ನಂಗೆ ಇದು ಒಂದೇ.

ನಂಗೂ ಪೆಟ್ಟಾಗಿದೆ, ನೋಡು ಬೇಕಾದ್ರೆ! ಮೊಣಕೈ ಪೂರ್ತಿ ತರ್ಚಿದೆ. ಜಲ್ಲಿಕಲ್ಲು ಒಳಗೆ ಕೂತಿತ್ತು, ಕಾಂಪೌಂಡರ್ ಚಿಮುಟ ಹಾಕಿ ತೆಗ್ದ...

…

ಲಾರಿ ಒಳಗೆ ಜಲ್ಲಿಕಲ್ಲು ಎಲ್ಲಿಂದ ಬಂತು ಅಂತ ನೋಡ್ತಿದ್ದೀಯ. ಅಲ್ವಾ?

ಏನಾದ್ರೂ ಅನ್ನು ಮಾಮ. ಬೈಯಿ. ಕಾಗದ ಹರಿದು ಮುಖಕ್ಕೆ ಎಸಿ, ಎಡಗೈ ಇದೆಯಲ್ಲ. ನೀನು ಬೈದ್ರೆ ನಾನೂ ಎರಡು ಮಾತು ಅಂತೀನಿ, ಜಗಳ ಆಗುತ್ತೆ, ನಾನು ಹೊರಟುಹೋಗ್ತೀನಿ. ಹೀಗೆ ಸುಮ್ನೆ ಇದ್ರೆ ನಾನು ಎಲ್ಲಿಗೆ ಹೋಗ್ಲಿ?

ನಿಂಗೆ ನೆನಪಿದೆ. ಎಲ್ಲಾ ನೆನಪಿದೆ, ಅಲ್ವಾ.

ನಾನು ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಂತಿದ್ದೆ. ಹ್ಯಾಂಡ್‌ಬ್ರೇಕ್ ಅಷ್ಟು ಭಾರಕ್ಕೆ ಹಿಡೀಲಿಲ್ಲ, ಕಾಲು ಹಿಡ್ದಿತ್ತು. ಹೌದು, ನಿಂತಿತ್ತು ಲಾರಿ. ನೀನು ಸೀಟಿನ ಕೆಳಗಿಂದ ಮರದ ತುಂಡು ಎಳ್ಕೊಂಡು, ಚಕ್ರಕ್ಕೆ ಒಡ್ಡೋಕೆ ಆ ಕಡೆ ಬಾಗಿಲು ತೆಗ್ದು ಒಂದು ಕಾಲು ಕೆಳಗಿಟ್ಟಿದ್ದೆ. ಇನ್ನೊಂದು ಅರ್ಧ ನಿಮಿಷ... ಅಷ್ಟೂ ಬೇಕಿರ್ಲಿಲ್ಲ. ನಾನು ಕನ್ನಡೀಲಿ ಹಿಂದೆ ನೋಡ್ದೆ. ಅಷ್ಟೇ ನೋಡಿದ್ದು. ಇಳಿಜಾರು ಕಾಣಿಸ್ತು. ಬಾಗಿಲು ನನ್ನ ಕೈಗೆ ಹೇಗೆ ಬಂತೋ... ರಸ್ತೆ ಮೇಲೆ ಬಿದ್ಮೇಲೆ ತಿರುಗಿ ನೋಡ್ತೀನಿ, ನೀನು ಕೆಳಗಿಟ್ಟ ಕಾಲು ಎತ್ಕೊಂಡು ವಾಪಸ್ ಒಳಗೆ ಹತ್ತಿದ್ದೀಯ! ಆ ಕಡೆಯಿಂದ ಹಾರಿ ದೂರ ನಿಲ್ಲೋದು ಬಿಟ್ಟು, ಒಳಗೆ! ಯಾರದ್ದೋ ಸ್ಕೂಟರಿಗೋಸ್ಕರ!

ಇಗೋ, ಕಾಗದ ಮಡಚಿಟ್ಟೆ. ಇಂಕ್ ಪ್ಯಾಡೂ ಜೇಬಿಗೆ ಹೋಯ್ತು. ಇಂಜಿನಿಯರಮ್ಮನಿಗೆ ಚಿಪ್ ನಂದೇ ಅಂತ ಹೇಳ್ತೀನಿ. ಅದು ಸುಲಭ. ವಾರಂಟಿ ಹೋದ್ರೆ ಹೋಗ್ಲಿ.

ಇನ್ನೊಂದಿದೆ. ಅದನ್ನ ನೀನಾಗೇ ಯಾರಿಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ ಅಂತ ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ನೀನು ಇಳೀತಾ ತಿರುಗಿ ಒಂದು ಮಾತು ಅಂದೆ. ಅಪ್ಪ ಹೋದ್ಮೇಲೆ 'ಯಜಮಾನ್ರೆ' ಬಿಟ್ಟು ಬೇರೆ ಕರ್ದಿರ್ಲಿಲ್ಲ ನೀನು ನನ್ನ. ಆವತ್ತು, 'ಮರೀ, ಕಾಲು ತೆಗೀಬೇಡ' ಅಂದೆ.

ಯಾರಾದ್ರೂ ಕೇಳಿದ್ರೆ ಲಾರಿ ಸದ್ದಿನಲ್ಲಿ ಕೇಳಿಸ್ಲೇ ಇಲ್ಲ ಅನ್ನೋಣ ಅಂತ ಮೂರು ದಿನದಿಂದ ಅಂದ್ಕೊಂಡಿದ್ದೆ ಮಾಮ.

ಎಲ್ಲಿತ್ತು ಸದ್ದು? ಇಂಜಿನ್ ನಿಂತುಹೋಗಿತ್ತು. ನೀನು ಪಿಸುಗುಟ್ಟಿದ್ರೂ ಕೇಳಿಸ್ತಿತ್ತು.